ಹೊಲದ ನಡುವಿನ ಕಂಟ್ರೋಲ್ ಟವರ್

ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫೋಕ್ ಸೀಮೆಯಲ್ಲಿ ಡಿಸ್ ಎಂಬ ಸಣ್ಣ ಪೇಟೆಯಿದೆ. ಅದರಾಚೆ ಗೋಧಿ, ಬಾರ್ಲಿ ಬೆಳೆಯುವ ಬಯಲಿನಲ್ಲಿ ಎರಡಂತಸ್ತಿನ ಒಂದು ಚೌಕ ಕಟ್ಟಡ. ನಮ್ಮ ಲೋಕೋಪಯೋಗಿ ಇಲಾಖೆಯ ಹಳೆಯ ಪ್ರವಾಸಿ ಮಂದಿರದ ಮೇಲೆ ಇನ್ನೊಂದನ್ನು ಎತ್ತಿ ಕೂರಿಸಿದಂತಿದೆ. ಚಪ್ಪಟೆ ತಾರಸಿ, ಗಿಲಾವು ಮಾಡಿದ ಇಟ್ಟಿಗೆ ಗೋಡೆ, ಮಹಡಿಗೆ ಬಾಲ್ಕನಿ, ಅದಕ್ಕೆ ಕಬ್ಬಿಣದ ಕೊಳವೆಯ ಕಟಕಟೆ. ಅಲಂಕಾರ ಎಂಬುದು ಹೆಸರಿಗೂ ಇಲ್ಲ. ತಾರಸಿಯ ಮೇಲಿನ ಗಾಜಿನ ಕೋಣೆ ಮಾತ್ರ ಇದು ಬೇರೆಯೇ ಕೆಲಸದ ಕಟ್ಟಡ ಎಂಬ ಸುಳಿವು ಕೊಡುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಬಿ-17 ಬಾಂಬರ್‌ಗಳು ಹಾರುತ್ತಿದ್ದ ಥಾರ್ಪ್ ಆಬಟ್ಸ್ ವಿಮಾನನೆಲೆಯ ಕಂಟ್ರೋಲ್ ಟವರ್ ಇದು. ಈಗ 100ನೇ ಬಾಂಬರ್ ದಳದ ಸ್ಮಾರಕ ವಸ್ತುಸಂಗ್ರಹಾಲಯ.

ಇದನ್ನು ಕಟ್ಟಿದ ವಾಸ್ತುಶಿಲ್ಪಿ ಯಾರು ಎಂದು ಹುಡುಕಲು ಹೊರಟವರಿಗೆ ಸಿಗುವುದು ನಕ್ಷೆಯ ಸಂಖ್ಯೆಗಳಷ್ಟೇ. ಯುದ್ಧದ ಆರಂಭದಲ್ಲಿ ಬಾಂಬರ್ ನೆಲೆಗೆ ಒಂದು ಬಗೆ, ರಾತ್ರಿ ಹಾರುವ ಫೈಟರ್ ನೆಲೆಗೆ ಮತ್ತೊಂದು ಬಗೆ ಎಂದು ಬ್ರಿಟನ್ನಿನ ವಾಯು ಸಚಿವಾಲಯ ಬೇರೆಬೇರೆ ಟವರ್ ನಕ್ಷೆಗಳನ್ನು ಬರೆಸುತ್ತಿತ್ತು. 1941ರಲ್ಲಿ ಎಲ್ಲಕ್ಕೂ ಒಪ್ಪುವ ಒಂದೇ ಮಾದರಿಗೆ ಬಂತು. ಆ ನಕ್ಷೆಯ ಸಂಖ್ಯೆ 12779/41. ಓರೆಗೆರೆಯ ಮುಂದಿನದು ಇಸವಿ. ಕಿಟಕಿಗಳನ್ನು ಚಿಕ್ಕದು ಮಾಡಿ ತಿದ್ದಿದ ನಕ್ಷೆ 343/43. ಇಂಗ್ಲೆಂಡಿನ ಹೊಲಗಳಲ್ಲಿ ಇಂದು ಕಾಣುವ ಯುದ್ಧಕಾಲದ ಟವರ್‌ಗಳಲ್ಲಿ ಬಹಳಷ್ಟು ಈ ಕುಟುಂಬದವೇ. ಸಾಮಾನು ಕಡಿಮೆ, ಆಳು ಕಡಿಮೆ, ಅವಸರವೋ ಹೇಳತೀರದಷ್ಟು. ಅಂಥ ಹೊತ್ತಿನಲ್ಲಿ ಒಂದೇ ನಕ್ಷೆಯನ್ನು ಊರೂರಿಗೆ ಕಳಿಸಿ ಕಟ್ಟಿಸಿದ್ದು ಜಾಣತನ.

ಒಳಗೆ ಕಾಲಿಟ್ಟರೆ ನಕ್ಷೆಯ ತರ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗೆ ಹವಾಮಾನದವರ ಕೋಣೆ, ಟೆಲಿಫೋನ್ ಮತ್ತು ವಿದ್ಯುತ್ತಿನ ಸ್ವಿಚ್ಚುಗಳ ಕೋಣೆ. ಮೇಲೆ ರನ್‌ವೇಗೆ ಮುಖ ಮಾಡಿದ ಕಂಟ್ರೋಲ್ ರೂಮ್. ಅದರ ಹಿಂದೆ ರೇಡಿಯೊದವರಿಗೆ, ದಣಿದ ಅಧಿಕಾರಿಗಳಿಗೆ ಸಣ್ಣ ಕೋಣೆಗಳು. ಮುಂದಿನ ಕೋಣೆಗೆ ಉಕ್ಕಿನ ಚೌಕಟ್ಟಿನ ಕಿಟಕಿಗಳು, ಅಲ್ಲಿಂದ ಬಾಲ್ಕನಿಗೆ ಬಾಗಿಲು, ತಾರಸಿಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ನೋಡುವುದಕ್ಕೆ ಅಡ್ಡ ಬರುವ ಯಾವುದನ್ನೂ ಮುಂಭಾಗದಲ್ಲಿ ಇಟ್ಟಿಲ್ಲ. ಬಾಲ್ಕನಿ ಇರುವುದೂ ಗಾಳಿ ಸೇವನೆಗಲ್ಲ.

ಅದು ಯಾತಕ್ಕೆ ಎಂದು ತಿಳಿಯಲು 1943ರ ಅಕ್ಟೋಬರ್ 10ನ್ನು ನೆನೆಯಬೇಕು. ಆ ದಿನ ಜರ್ಮನಿಯ ಮ್ಯುನ್‌ಸ್ಟರ್ ಮೇಲೆ ದಾಳಿಗೆ ಹೋದ ಈ ದಳದ ವಿಮಾನಗಳಲ್ಲಿ 12 ಮರಳಲಿಲ್ಲ. ರಾಬರ್ಟ್ ರೋಸೆಂಥಾಲ್ ನಡೆಸುತ್ತಿದ್ದ ಒಂದೇ ಒಂದು ವಿಮಾನ, ಎರಡು ಎಂಜಿನ್ ಕೆಟ್ಟ ಸ್ಥಿತಿಯಲ್ಲಿ ಬಂದು ಇಳಿಯಿತು. ಮಧ್ಯಾಹ್ನ ಕಳೆದ ಮೇಲೆ ಅಧಿಕಾರಿಗಳು ಈ ಬಾಲ್ಕನಿಯಲ್ಲಿ ನಿಂತು ಪೂರ್ವದ ಆಕಾಶ ನೋಡುತ್ತ ವಿಮಾನ ಎಣಿಸುವುದು ವಾಡಿಕೆ. ಬರುವ ವಿಮಾನದಿಂದ ಕೆಂಪು ಫ್ಲೇರ್ ಹಾರಿತೆಂದರೆ ಒಳಗೆ ಗಾಯಾಳುಗಳಿದ್ದಾರೆ, ಅದು ಮೊದಲು ಇಳಿಯಲಿ, ಆಂಬ್ಯುಲೆನ್ಸ್ ಓಡಲಿ ಎಂದು ಅರ್ಥ. ಒಂದೊಂದು ವಿಮಾನದಲ್ಲಿ ಹತ್ತು ಜನ. 1943ರ ಜೂನ್‌ನಿಂದ 1945ರ ಏಪ್ರಿಲ್‌ವರೆಗೆ ಈ ದಳ ನಡೆಸಿದ ಕಾರ್ಯಾಚರಣೆ 306, ಹೋಗಿ ಬಾರದ ವಿಮಾನಗಳು 177. ಇದಕ್ಕೆ ‘ರಕ್ತಸಿಕ್ತ ನೂರನೆಯದು’ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. 2024ರಲ್ಲಿ ಬಂದ ‘ಮಾಸ್ಟರ್ಸ್ ಆಫ್ ದಿ ಏರ್’ ಧಾರಾವಾಹಿ ಇವರದೇ ಕಥೆ.

ಯುದ್ಧ ಮುಗಿದ ಮೇಲೆ ಇಂಥ ನೆಲೆಗಳು ಯಾರಿಗೂ ಬೇಡವಾದವು. ಥಾರ್ಪ್ ಆಬಟ್ಸ್ 1956ರಲ್ಲಿ ಮುಚ್ಚಿತು. ಹೊಲ ಮತ್ತೆ ಹೊಲವಾಯಿತು, ರನ್‌ವೇ ಕಾಂಕ್ರೀಟಿನ ಬಹುಭಾಗವನ್ನು ಒಡೆದು ತೆಗೆದರು. ಗಾಜು ಒಡೆದ ಟವರ್ ಮಳೆ ಗಾಳಿಗೆ ಬಿದ್ದಿತ್ತು. 1977ರಲ್ಲಿ ಊರ ಸುತ್ತಲಿನ ಕೆಲವು ಉತ್ಸಾಹಿಗಳು ಜಮೀನಿನ ಒಡೆಯರಿಂದ ಅದನ್ನು ಗುತ್ತಿಗೆಗೆ ಪಡೆದು ಕಸ ಗುಡಿಸಲು ಶುರುಮಾಡಿದರು. 1981ರಲ್ಲಿ ಬಾಗಿಲು ತೆರೆಯಿತು. ಇಂದಿಗೂ ನಡೆಸುತ್ತಿರುವವರು ಸ್ವಯಂಸೇವಕರೇ.

ಇಂಥ ಕಟ್ಟಡವನ್ನು ಉಳಿಸುವುದು ಕಲ್ಲಿನ ದೇವಸ್ಥಾನ ಉಳಿಸಿದಷ್ಟು ಸುಲಭವಲ್ಲ ಎಂದರೆ ನಗಬೇಡಿ. ಕಲ್ಲು ಬಾಳಲೆಂದು ಇಟ್ಟದ್ದು; ಇದು ಯುದ್ಧ ಮುಗಿಯುವವರೆಗೆ ನಿಂತರೆ ಸಾಕು ಎಂದು ಕಟ್ಟಿದ್ದು. ಚಪ್ಪಟೆ ತಾರಸಿಯಲ್ಲಿ ನೀರು ನಿಂತು ಒಳಗಿಳಿಯುತ್ತದೆ. ಕಾಂಕ್ರೀಟಿನೊಳಗಿನ ಸರಳಿಗೆ ತೇವ ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಮೇಲಿನ ಕಾಂಕ್ರೀಟನ್ನೇ ಚಕ್ಕೆಯಾಗಿ ಎಬ್ಬಿಸುತ್ತದೆ. ಮೊದಲು ಹೋಗುವುದು ಮಳೆಗೆ ಒಡ್ಡಿಕೊಂಡ ಬಾಲ್ಕನಿಯ ಅಂಚು. ಉಕ್ಕಿನ ಕಿಟಕಿಗಳದ್ದೂ ಇದೇ ಪಾಡು. ಚೌಕಟ್ಟು ಉಬ್ಬಿದಾಗ ಗಾಜು ಸೀಳುತ್ತದೆ, ಪಕ್ಕದ ಗಿಲಾವು ಬಿರಿಯುತ್ತದೆ. ಅದನ್ನು ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸಿದರೆ ಸೋರುವುದು ನಿಂತೀತು, ಆದರೆ ತೆಳ್ಳಗಿನ ಉಕ್ಕಿನ ಪಟ್ಟಿಗಳು ಹೋಗಿ ದಪ್ಪ ಚೌಕಟ್ಟು ಬಂದ ಕೂಡಲೇ ಕಟ್ಟಡದ ಮುಖವೇ ಬದಲಾಗುತ್ತದೆ. ತುಕ್ಕು ಕೆರೆದು, ಹಾಳಾದ ತುಂಡಿನ ಜಾಗಕ್ಕೆ ಹೊಸ ತುಂಡು ಬೆಸೆದು, ಬಣ್ಣ ಬಳಿದು, ಕೆಲವು ವರ್ಷಕ್ಕೆ ಮತ್ತೆ ಅದನ್ನೇ ಮಾಡುವುದು ಸರಿಯಾದ ದಾರಿ. ಬೇಸರದ ಕೆಲಸ, ಮುಗಿಯದ ಕೆಲಸ.

ಉಳಿಸುವುದರಲ್ಲೂ ಬಗೆಗಳಿವೆ. ನಾರ್ಫೋಕಿನದೇ ನಾರ್ತ್ ಕ್ರೀಕ್ ನೆಲೆಯ ಟವರ್‌ನಲ್ಲಿ ಈಗ ಅತಿಥಿಗೃಹ ನಡೆಯುತ್ತಿದೆ. ಲಿಂಕನ್‌ಶೈರಿನ ಗಾಕ್ಸ್‌ಹಿಲ್ ಟವರನ್ನು ಬಿಚ್ಚಿ, ಹಡಗಿನಲ್ಲಿ ಸಾಗಿಸಿ, ಅಮೆರಿಕದ ವರ್ಜೀನಿಯಾ ಬೀಚ್‌ನ ವಿಮಾನ ಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿದ್ದಾರೆ. ನೆಲಸಮವಾಗುವ ಬದಲು ಅಲ್ಲಾದರೂ ನಿಂತಿತಲ್ಲ ಎನ್ನಬಹುದು. ನನಗೆ ಮಾತ್ರ ಅತಿಥಿಗೃಹವೇ ಮೇಲು ಅನಿಸುತ್ತದೆ. ಹಾಸಿಗೆ, ಪರದೆ ಬಂದರೂ ಕಟ್ಟಡ ತನ್ನ ಬಯಲನ್ನು ನೋಡುತ್ತ ನಿಂತಿದೆ. ನೋಡುವುದಕ್ಕೆಂದೇ ಕಟ್ಟಿದ್ದರ ಎದುರಿನಿಂದ ಆ ಬಯಲನ್ನು ತೆಗೆದರೆ ಉಳಿಯುವುದು ಇಟ್ಟಿಗೆ ಮತ್ತು ಗಾಜು. ಥಾರ್ಪ್ ಆಬಟ್ಸ್‌ನಲ್ಲಿ ರನ್‌ವೇ ಇಲ್ಲದಿದ್ದರೂ ದಿಕ್ಕು ಉಳಿದಿದೆ, ದೂರ ಉಳಿದಿದೆ.

ಈ ಮಾತು ನಮಗೂ ದೂರದ್ದಲ್ಲ. 1940ರಲ್ಲಿ ಹುಟ್ಟಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನಾ ವಿಮಾನಗಳ ರಿಪೇರಿಯ ದೊಡ್ಡ ಕೇಂದ್ರವಾಗಿತ್ತು. ಆ ಕಾಲದ ಶೆಡ್ಡು, ಹ್ಯಾಂಗರುಗಳಲ್ಲಿ ಉಳಿದಿರುವವನ್ನು ಕೆಡವುವ ಮೊದಲು ಅಳತೆ ತೆಗೆದು, ನಕ್ಷೆ ಬರೆದು, ಫೋಟೊ ಹಿಡಿದು ಇಡುವಷ್ಟಾದರೂ ಆಗಲಿ.

ಇಂಗ್ಲೆಂಡಿನಲ್ಲಿರುವ ಓದುಗರು, ಅಲ್ಲಿಗೆ ಮಕ್ಕಳ ಮನೆಗೆ ಹೋಗುವವರು ಒಂದು ದಿನ ಇದಕ್ಕೆ ಇಡಬಹುದು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ನಾರಿಚ್ ಕಡೆಗೆ ಹೋಗುವ ರೈಲು ಡಿಸ್‌ನಲ್ಲಿ ನಿಲ್ಲುತ್ತದೆ; ಮುಂದಕ್ಕೆ ಟ್ಯಾಕ್ಸಿ ಬೇಕು. ಚಳಿಗಾಲದಲ್ಲಿ ಸಂಗ್ರಹಾಲಯ ಮುಚ್ಚಿರುತ್ತದೆ, ಉಳಿದ ತಿಂಗಳುಗಳಲ್ಲೂ ಎಲ್ಲ ದಿನ ತೆರೆಯುವುದಿಲ್ಲ. ವಿಚಾರಿಸಿಕೊಂಡೇ ಹೊರಡಿ. ಪ್ರವೇಶ ಶುಲ್ಕವಿಲ್ಲ, ಬಾಗಿಲ ಬಳಿ ಕಾಣಿಕೆ ಡಬ್ಬಿಯಿದೆ. ಕಿಟಕಿಗೆ ಬಣ್ಣ ಬಳಿಯುವುದು ಅದರ ದುಡ್ಡಿನಿಂದಲೇ.