ಬುಗ್ಗೆ ಕಟ್ಟಿದ ಬೆಟ್ಟ, ಬೆಟ್ಟ ಹೊತ್ತ ಕೋಟೆ

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಮೈಗೆ ಕೆಲವೇ ತಿಂಗಳಲ್ಲಿ ಬೆಳ್ಳನೆಯ ಪದರ ಕಟ್ಟುತ್ತದೆ. ಹುಣಸೆಹಣ್ಣಿನ ಹುಳಿ ಹಾಕಿ ತಿಕ್ಕಿದರಷ್ಟೇ ಅದು ಬಿಡುವುದು. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂತ ಗುರುತು ಅದು. ಇದೇ ಕೆಲಸ ನೆಲದ ಮೇಲೆ ಸಾವಿರಾರು ವರ್ಷ ನಡೆದರೆ ಒಂದು ಬೆಟ್ಟವೇ ಬೆಳೆದು ನಿಲ್ಲುತ್ತದೆ. ಅಂಥ ಬೆಟ್ಟವೊಂದರ ನೆತ್ತಿಯ ಮೇಲೆ ಮಧ್ಯ ಯುರೋಪಿನ ಅತಿ ದೊಡ್ಡ ಕೋಟೆಗಳಲ್ಲೊಂದು ಪಾಳುಬಿದ್ದು ನಿಂತಿದೆ. ಅದು ಸ್ಲೊವಾಕಿಯಾದ ಸ್ಪಿಶ್ ಕೋಟೆ.

ಕಾರ್ಪೇಥಿಯನ್ ಪರ್ವತಗಳ ನಡುವಿನ ಈ ಕೋಟೆ ಸಮುದ್ರಮಟ್ಟದಿಂದ 634 ಮೀಟರ್ ಎತ್ತರದಲ್ಲಿದೆ. ಹರವು ಸುಮಾರು 4 ಹೆಕ್ಟೇರ್, ಅಂದರೆ ಹತ್ತು ಎಕರೆ. ಆಕಾಶ ತಿಳಿಯಾಗಿದ್ದರೆ ಇಲ್ಲಿಂದ ಹೈ ಟಾಟ್ರಾ ಶಿಖರಗಳು ಕಾಣುತ್ತವೆ. 12ನೇ ಶತಮಾನದಲ್ಲಿ ಕಟ್ಟಲು ತೊಡಗಿದ ಕೋಟೆ 1241ರಲ್ಲಿ ಮಂಗೋಲರ ದಾಳಿಯನ್ನು ತಡೆದುಕೊಂಡಿತು. ಮುಂದೆ ಅದರ ಒಡೆಯರಾಗಿದ್ದ ಹಂಗೇರಿಯ ರಾಜರಿಂದ ಒಂದಾದ ಮೇಲೊಂದು ಶ್ರೀಮಂತ ಮನೆತನದ ಕೈ ಸೇರಿತು. 1780ರಲ್ಲಿ ಬೆಂಕಿ ಬಿದ್ದು ಸುಟ್ಟ ಮೇಲೆ ಯಾರೂ ಅದನ್ನು ಮತ್ತೆ ವಾಸಕ್ಕೆ ಎಬ್ಬಿಸಲಿಲ್ಲ. 1993ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದಿಷ್ಟು ಗೋಡೆಗಳ ಚರಿತ್ರೆ. ಕೋಟೆಯ ಬಾಳನ್ನು ನಿರ್ಧರಿಸಿದ್ದು, ಈಗಲೂ ನಿರ್ಧರಿಸುತ್ತಿರುವುದು ಗೋಡೆಗಳ ಕೆಳಗಿನ ಬೆಟ್ಟ.

ಈ ಬೆಟ್ಟ ಟ್ರಾವರ್ಟೀನ್ ಎಂಬ ಸುಣ್ಣದ ಕಲ್ಲಿನದು. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಸಿಕ್ಕು ಕರಗಿರುತ್ತದೆ. ಮುಚ್ಚಳ ತೆಗೆಯದ ಸೋಡಾ ಬಾಟಲಿಯಲ್ಲಿರುವುದೂ ಇದೇ ಅನಿಲ. ಅದರಿಂದ ತುಸು ಆಮ್ಲೀಯವಾದ ನೀರು ದಾರಿಯಲ್ಲಿ ಸಿಕ್ಕ ಸುಣ್ಣಕಲ್ಲನ್ನು ಕರಗಿಸಿಕೊಂಡು ಬಿರುಕುಗಳ ಮೂಲಕ ಮೇಲೇರುತ್ತದೆ. ಬುಗ್ಗೆಯಾಗಿ ಹೊರಬಿದ್ದೊಡನೆ ಒತ್ತಡ ಇಳಿದು ಅನಿಲ ಹಾರಿಹೋಗುತ್ತದೆ. ಅನಿಲ ಹೋದ ಮೇಲೆ ಅಷ್ಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗಿಲ್ಲ. ಅದು ಬುಗ್ಗೆಯ ಬಾಯಿಯ ಸುತ್ತ ತೆಳು ಪದರವಾಗಿ ಕೂರುತ್ತದೆ. ಹಂಡೆಯಲ್ಲಿ ಅನಿಲವನ್ನು ಓಡಿಸುವುದು ಬಿಸಿ, ಇಲ್ಲಿ ಒತ್ತಡದ ಇಳಿತ, ವ್ಯತ್ಯಾಸ ಅಷ್ಟೇ. ಪಾಚಿ, ಎಲೆ, ಕಡ್ಡಿಗಳೂ ಪದರದೊಳಗೆ ಸಿಕ್ಕಿಕೊಂಡು ಕೊಳೆತು, ಕಲ್ಲಿನಲ್ಲಿ ತೂತುಗಳನ್ನು ಉಳಿಸುತ್ತವೆ. ಕತ್ತರಿಸಲು ಸುಲಭ, ಬಾಳಿಕೆಗೆ ಗಟ್ಟಿಯಾದ ಈ ಕಲ್ಲಿನಿಂದಲೇ ರೋಮನ್ನರು ಕೊಲೋಸಿಯಂನ ಹೊರಗೋಡೆ ಕಟ್ಟಿದರು.

ಬೆಟ್ಟ ಹುಟ್ಟುವುದನ್ನು ಕಣ್ಣಾರೆ ನೋಡಬೇಕೆಂದರೆ ಕೋಟೆಯಿಂದ ಕೆಲವು ಕಿಲೋಮೀಟರ್ ದೂರದ ಸಿವಾ ಬ್ರಾಡಾಕ್ಕೆ ಹೋಗಬೇಕು. ‘ಬೂದು ಗಡ್ಡ’ ಎಂಬ ಅರ್ಥದ ಹೆಸರಿನ ಆ ದಿಬ್ಬದಲ್ಲಿ ಖನಿಜ ನೀರಿನ ಬುಗ್ಗೆಗಳು ಇಂದಿಗೂ ಗುಳುಗುಳು ಎನ್ನುತ್ತ ಹೊಸ ಟ್ರಾವರ್ಟೀನ್ ಕಟ್ಟುತ್ತಿವೆ.

ಕೋಟೆಯ ಗೋಡೆಗಳಿಗೂ ಇದೇ ರಸಾಯನ ಅಂಟಿಕೊಂಡಿದೆ. ಮಧ್ಯಯುಗದ ಗಾರೆ ಕೆಲಸವೆಂದರೆ ಸುಣ್ಣದ ಕೆಲಸ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದನ್ನು ನೀರಲ್ಲಿ ಅರಳಿಸಿ ಮರಳು ಬೆರೆಸಿ ಗೋಡೆಗೆ ಹಾಕಿದರೆ, ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಅನಿಲವನ್ನು ಬಿಟ್ಟುಕೊಟ್ಟು ಬೆಟ್ಟ ಕಲ್ಲಾಯಿತು, ಅನಿಲವನ್ನು ಪಡೆದುಕೊಂಡು ಗಾರೆ ಕಲ್ಲಾಯಿತು. ಕೊನೆಗೆ ಎರಡೂ ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್.

ಆದ್ದರಿಂದಲೇ ಸುಣ್ಣದ ಶತ್ರುಗಳೆಲ್ಲ ಈ ಕೋಟೆಗೂ ಶತ್ರುಗಳು. ಮೊದಲನೆಯದು ಬೆಂಕಿ. ಸುಣ್ಣಕಲ್ಲಿನ ಹರಳು ಬಿಸಿಯಾದಾಗ ಒಂದು ದಿಕ್ಕಿನಲ್ಲಿ ಹಿಗ್ಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ತುಸು ಕುಗ್ಗುತ್ತದೆ. ಈ ಎಳೆದಾಟದಲ್ಲಿ ಹರಳುಗಳ ಬೆಸುಗೆ ಸಡಿಲವಾಗುತ್ತದೆ. ಬೆಂಕಿ ಆರಿದ ಮೇಲೂ ಕಾಟ ತಪ್ಪುವುದಿಲ್ಲ. ಮಾಡು ಸುಟ್ಟುಹೋದ ಗೋಡೆಯ ತಲೆಯಿಂದ ಮಳೆನೀರು ನೇರವಾಗಿ ಒಳಗಿಳಿಯುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವಾಗ ಗಾತ್ರ ಶೇ. 9ರಷ್ಟು ಹೆಚ್ಚಿ, ಕಲ್ಲುಗಳ ಸಂದಿಗೆ ಬೆಣೆ ಹೊಡೆದಂತಾಗುತ್ತದೆ. ಪಾಳು ಕಟ್ಟಡಗಳನ್ನು ಉಳಿಸುವವರು ಮೊದಲು ಗೋಡೆಯ ತಲೆಗೆ ಗಾರೆ ಮುಚ್ಚುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಇನ್ನೂ ಕೆಳಗೆ. ಚಿತ್ರದುರ್ಗದ ಏಳುಸುತ್ತಿನ ಕೋಟೆ ನೆಲದಾಳಕ್ಕೆ ಬೇರುಬಿಟ್ಟ ಗ್ರಾನೈಟ್ ಮೇಲೆ ಕೂತಿದೆ. ಸ್ಪಿಶ್ ಬೆಟ್ಟಕ್ಕೆ ಅಂಥ ಬೇರಿಲ್ಲ. ಅದರ ಟ್ರಾವರ್ಟೀನ್, ಪ್ರಾಚೀನ ಸಮುದ್ರದ ತಳದಲ್ಲಿ ಶೇಖರವಾದ ಜೇಡಿ ಮತ್ತು ಮರಳಿನ ಮೆದು ಶಿಲೆಗಳ ಮೇಲೆ ಕೂತ ಮುಚ್ಚಳ. ಕೆಸರಿನ ಮೇಲೆ ಚಪ್ಪಡಿ ಹಾಸಿದಂತೆ, ಮೇಲಿನ ಭಾರಕ್ಕೆ ಕೆಳಗಿನ ಪದರ ಹೊರಗೆ ಸರಿಯುತ್ತದೆ. ಮೇಲಿನ ಬಂಡೆ ತುಂಡುತುಂಡಾಗಿ ಸೀಳಿ ಅಂಚಿನ ಕಡೆಗೆ ಜರುಗುತ್ತದೆ. ಇಲ್ಲಿನ ಮೊದಲ ಬೃಹತ್ ದುಂಡು ಗೋಪುರ 13ನೇ ಶತಮಾನದ ಆರಂಭದಲ್ಲೇ ಕುಸಿದದ್ದು ಅಡಿಯ ಬಂಡೆ ಅಲುಗಿದ್ದರಿಂದ ಎನ್ನುತ್ತಾರೆ. ಅದರ ಬುನಾದಿ ಮೇಲಿನ ಅಂಗಳದಲ್ಲಿ ಉಳಿದಿದೆ. ಪಕ್ಕದ ಡ್ರೆವೆನಿಕ್ ಬೆಟ್ಟದಲ್ಲಿ ಈ ಸೀಳುವಿಕೆ ಬಹಳ ಮುಂದುವರಿದು ಕಲ್ಲಿನ ಕಂಬಗಳೂ ಆಳದ ಕಂದರಗಳೂ ಆಗಿವೆ. ಸ್ಥಳೀಯರು ಅಲ್ಲಿನ ಒಂದು ಭಾಗವನ್ನು ‘ಕಲ್ಲಿನ ಸ್ವರ್ಗ’ ಎಂದೂ ಒಂದು ಕಂದರವನ್ನು ‘ನರಕ’ ಎಂದೂ ಕರೆಯುತ್ತಾರೆ.

ಇಂದು ಭೂವಿಜ್ಞಾನಿಗಳು ಕೋಟೆಯಡಿಯ ಬಿರುಕುಗಳಿಗೆ ಸೂಕ್ಷ್ಮ ಮಾಪಕಗಳನ್ನು ಅಳವಡಿಸಿ, ಮಿಲಿಮೀಟರಿನ ಭಾಗಗಳಲ್ಲಿ ಅವುಗಳ ಚಲನೆಯನ್ನು ಅಳೆಯುತ್ತಿದ್ದಾರೆ. ಬೇಸಿಗೆಯಲ್ಲಿ ಬಂಡೆ ಹಿಗ್ಗಿ ಚಳಿಯಲ್ಲಿ ಕುಗ್ಗುವ ಲೆಕ್ಕವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಜರುಗಾಟ. ಕಣ್ಣಿಗೆ ಕಾಣದ ಈ ಚಲನೆ ಶತಮಾನಗಳಲ್ಲಿ ಕೂಡಿಕೊಂಡರೆ ಎಂಥ ದಪ್ಪ ಗೋಡೆಯೂ ಸೀಳುತ್ತದೆ.

ಕೋಟೆ ಉಳಿಸುವುದೆಂದರೆ ಬಿದ್ದ ಕಲ್ಲನ್ನು ಎತ್ತಿಟ್ಟು ಗಾರೆ ಮೆತ್ತುವುದಷ್ಟೇ ಅಲ್ಲ. ಅದರ ಬೆಟ್ಟವನ್ನು ಓದಬೇಕು, ನೀರು ಎಲ್ಲಿ ಇಂಗುತ್ತದೆ, ಬಂಡೆ ಯಾವ ಕಡೆ ಜರುಗುತ್ತದೆ ಎಂಬುದನ್ನು ವರ್ಷಗಟ್ಟಲೆ ಕಾಯ್ದು ಅಳೆಯಬೇಕು. ಮುಂದಿನ ಸಲ ಯಾವುದೇ ಬೆಟ್ಟದ ಕೋಟೆಗೆ ಹೋದಾಗ ಬುರುಜನ್ನು ನೋಡಿದಷ್ಟೇ ಹೊತ್ತು ಅದರ ಬುಡದ ಕಲ್ಲನ್ನೂ ನೋಡಿ. ಕೋಟೆಯ ಆಯುಸ್ಸು ಅಲ್ಲಿ ಬರೆದಿರುತ್ತದೆ.