ಷಡಕ್ಷರದೇವನ ಕಾವ್ಯಗಳನ್ನು ಒಟ್ಟಾಗಿ ಓದುವುದರ ಪ್ರಯೋಜನ

ಮಳವಳ್ಳಿ ತಾಲ್ಲೂಕಿನ ಧನಗೂರಿನವನೆಂದು ಪ್ರಸಿದ್ಧನಾದ ಷಡಕ್ಷರದೇವನು 17ನೆಯ ಶತಮಾನದ ವೀರಶೈವ ಮಹಾಕವಿ. ಸಂಸ್ಕೃತ-ಕನ್ನಡಗಳೆರಡರಲ್ಲಿಯೂ ಕೃತಿರಚನೆ ಮಾಡಿದ ಈತನು ‘ಉಭಯಕವಿತಾವಿಶಾರದ’ನೆನಿಸಿದನು. 1655ರ ‘ರಾಜಶೇಖರವಿಳಾಸ’, ಬಸವೇಶ್ವರರ ಚರಿತೆಯಾದ ‘ವೃಷಭೇಂದ್ರವಿಜಯ’, ಕಿರಾತಾರ್ಜುನ ಕಥೆಯ ‘ಶಬರಶಂಕರವಿಳಾಸ’ ಇವು ಅವನ ಮೂರು ಕನ್ನಡ ಚಂಪೂಕಾವ್ಯಗಳು.

ಮೊದಲನೆಯದನ್ನು ಮಾತ್ರ ಓದಿದವರು ಇವನನ್ನು ವರ್ಣನಾಪ್ರಿಯ ಪ್ರೌಢಕವಿಯೆಂದಷ್ಟೇ ಎಣಿಸುವುದುಂಟು. ಮೂರನ್ನೂ ಒಂದೇ ಸಂಪುಟವೆಂಬಂತೆ ಓದಿದರೆ ಈ ನಿರ್ಣಯವು ನಿಲ್ಲದು. ರಾಜಕುಮಾರನ ಕುದುರೆಯೋಟಕ್ಕೆ ತಿರುಕೊಳವಿನಾಚಿಯ ಕಂದನು ಬಲಿಯಾದಾಗ ಚೋಳರಾಜನು ಸ್ವಂತ ಮಗನಿಗೇ ಮರಣದಂಡನೆ ವಿಧಿಸುವನು. ಕೊನೆಗೆ ಶಿವನು ಪ್ರತ್ಯಕ್ಷನಾಗುವನು. ‘ಶಬರಶಂಕರವಿಳಾಸ’ದಲ್ಲಿ ಅದೇ ಶಿವನು ಬೇಡನ ವೇಷದಲ್ಲಿ ಬಂದು ಅರ್ಜುನನನ್ನು ಪರೀಕ್ಷಿಸುವನು. ‘ವೃಷಭೇಂದ್ರವಿಜಯ’ದಲ್ಲಿ ಶರಣಜೀವನವೇ ವಸ್ತು. ಮೂರರಲ್ಲಿಯೂ ಪರೀಕ್ಷೆಗೆ ಒಳಗಾಗುವುದು ನಿಷ್ಠೆ, ಫಲಿಸುವುದು ಕೃಪೆ.

ಅಲಂಕಾರವು ಈ ಕವಿಗೆ ಭಕ್ತಿಯ ಉಡುಗೆಯೇ ಹೊರತು ಭಕ್ತಿಗೆ ಬದಲಿಯಲ್ಲ. ಆದಕಾರಣ ಸಮಗ್ರ ಸಂಪುಟವೆಂಬುದು ಬರಿಯ ಸಂಗ್ರಹಸೌಕರ್ಯವಲ್ಲ. ಕವಿಗೆ ಸಲ್ಲಿಸಬೇಕಾದ ನ್ಯಾಯ. ಅಂಥ ಸಂಪುಟದಲ್ಲಿ ಪಾಠಾಂತರ, ಕಠಿಣಪದಗಳ ಅರ್ಥ, ಕಥಾಸಾರಗಳಿದ್ದರೆ ವಿದ್ಯಾರ್ಥಿಗೆ ಕಾವ್ಯದ ಬಾಗಿಲೂ ಭಕ್ತನಿಗೆ ಶಿವಕಥೆಯ ಬಾಗಿಲೂ ಏಕಕಾಲಕ್ಕೆ ತೆರೆಯುವುವು.