ನೋಟಕ್ಕೆ 3 ಅಂಕ, ರುಚಿಗೆ 20: ಕ್ರಾಫ್ಟ್ ಬಿಯರಿನ ಪರೀಕ್ಷೆಯೂ ಜಿಲ್ಲೆಯ ಸರಕೂ

ಗೇರುಬೀಜದ ವ್ಯಾಪಾರದಲ್ಲಿರುವವರಿಗೆ ಡಬ್ಲ್ಯು 320 ಎಂದರೇನೆಂದು ವಿವರಿಸಬೇಕಾಗಿಲ್ಲ. ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ತೂಗಿದರೆ ಆ ದರ್ಜೆ. ಬಣ್ಣ ಬೆಳ್ಳಗಿರಬೇಕು, ತಿರುಳು ಒಡೆದಿರಬಾರದು. ಅಡಿಕೆಯನ್ನು ಚೋಲ್, ಪಟೋರ, ಉಳ್ಳಿ, ಕೋಕ ಎಂದು ಬೇರ್ಪಡಿಸುವುದು ಅನುಭವಿಯ ಕಣ್ಣು ಮತ್ತು ಕೈ. ಕಾಳುಮೆಣಸಿನ ಬೆಲೆ ನಿಲ್ಲುವುದು ಲೀಟರ್ ತೂಕದ ಮೇಲೆ. ಮೂರೂ ಬಾಯಿಗೆ ಹೋಗುವ ವಸ್ತುಗಳೇ. ಆದರೂ ಕಮಟು ವಾಸನೆ, ಬೂಸ್ಟು ಇರಬಾರದೆಂಬ ಸಾಮಾನ್ಯ ನಿಯಮವನ್ನು ಬಿಟ್ಟರೆ ರುಚಿಗೆಂದು ಪ್ರತ್ಯೇಕ ಅಂಕ ನೀಡುವ ರೂಢಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಗಳಲ್ಲಿ ಬೆಳೆದುಬಂದಿಲ್ಲ.

ಕ್ರಾಫ್ಟ್ ಬಿಯರಿನ ವ್ಯಾಪಾರ ನಿಂತಿರುವುದು ಇದಕ್ಕೆ ನೇರ ವಿರುದ್ಧವಾದ ನೆಲೆಯಲ್ಲಿ. ಬಾರ್ಲಿಯ ಮಾಲ್ಟ್, ಹಾಪ್ಸ್ ಹೂವು, ಯೀಸ್ಟ್ ಮತ್ತು ನೀರಿನಿಂದ, ತಯಾರಕನ ಸ್ವಂತ ಪಾಕಕ್ರಮದಂತೆ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಬಿಯರ್ ಇದು. ಇಂಥ ಬಿಯರುಗಳನ್ನು ಸ್ಪರ್ಧೆಗಳಲ್ಲಿ ತೂಗಿ ನೋಡಲು 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ ಎಂಬ ಸಂಸ್ಥೆಯ ಅಂಕಪಟ್ಟಿ ಬಳಕೆಯಲ್ಲಿದೆ. ಒಟ್ಟು 50 ಅಂಕ. ಪರಿಮಳಕ್ಕೆ 12, ರುಚಿಗೆ 20, ಬಾಯಿಯಲ್ಲಿ ತೋರುವ ದಪ್ಪ ಹಾಗೂ ನೊರೆತಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಬಣ್ಣ, ತಿಳಿ, ನೊರೆ ಎಲ್ಲ ಸೇರಿ ನೋಟಕ್ಕೆ ದೊರೆಯುವುದು ಕೇವಲ 3. ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಸ್ವಂತ ಗೋದಾಮನ್ನು ಒಮ್ಮೆ ಸುತ್ತಿ ಬರುವುದು ಯಾವ ವರ್ತಕನಿಗೂ ಉಪಯುಕ್ತ ವ್ಯಾಯಾಮವೇ ಸರಿ.

ಬಿಯರಿಗೂ ಬಂಟ್ವಾಳಕ್ಕೂ ಹಳೆಯ ನಂಟುಂಟು. 1915ರಲ್ಲಿ ಸ್ಥಾಪನೆಗೊಂಡ ಯುನೈಟೆಡ್ ಬ್ರೂವರೀಸನ್ನು ಸ್ವಾತಂತ್ರ್ಯ ಬಂದ ಕಾಲದಲ್ಲಿ ವಹಿಸಿಕೊಂಡ ವಿಠಲ ಮಲ್ಯರ ಮನೆತನದ ಮೂಲ ಈ ಊರು. ಆ ಕಾಲದ ಉದ್ಯಮದ ಗುರಿ ಎಲ್ಲೆಡೆ ಒಂದೇ ರುಚಿಯ ಲಾಗರ್ ಬಿಯರನ್ನು ಹೇರಳವಾಗಿ ಒದಗಿಸುವುದಾಗಿತ್ತು. ಭಿನ್ನ ರುಚಿಯೇ ಬಂಡವಾಳವಾದ ಕಿರು ಬ್ರೂವರಿಗಳು ಬೆಂಗಳೂರಿನಲ್ಲಿ ಕಾಣಿಸಿಕೊಂಡದ್ದು ಬಹಳ ತಡವಾಗಿ. ಇಂದಿರಾನಗರದ ಟೊಯಿಟ್ 2010ರಲ್ಲಿಯೂ ವಿಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ 2011ರಲ್ಲಿಯೂ ಆರಂಭವಾದವು. ಆ ರಸ್ತೆಯ ಹೆಸರಿನಲ್ಲಿಯೂ ಬಂಟ್ವಾಳವಿದೆ ಎಂಬುದು ಒಂದು ಸ್ವಾರಸ್ಯ.

ವ್ಯವಹಾರ ನಿಮಿತ್ತ ಬೆಂಗಳೂರಿಗೋ ಗೋವಾಕ್ಕೋ ಹೋಗುವ ವರ್ತಕರು ಈ ಬಿಯರುಗಳ ಪರಿಚಯ ಮಾಡಿಕೊಳ್ಳಲು ತುಂಬಿದ ಲೋಟಗಳನ್ನು ಬರಿದು ಮಾಡಬೇಕಾಗಿಲ್ಲ. ಹೆಚ್ಚಿನ ಕಿರು ಬ್ರೂವರಿಗಳು ನಾಲ್ಕಾರು ಬಗೆಗಳನ್ನು ಚಿಕ್ಕ ಲೋಟಗಳಲ್ಲಿ ಸಾಲಾಗಿ ಇಟ್ಟುಕೊಡುತ್ತವೆ. ಹಗುರವಾದುದರಿಂದ ಆರಂಭಿಸಿ ಕಹಿಯೂ ಕಡುಗಪ್ಪೂ ಆದುದನ್ನು ಕಡೆಗೆ ಇಟ್ಟುಕೊಳ್ಳುವುದು ಕ್ರಮ. ಮೊದಲು ಮೂಗು, ಆಮೇಲೆ ನಾಲಿಗೆ. ಎರಡರ ನಡುವೆ ನೀರು. ಬೇಕಿದ್ದರೆ ಉಪ್ಪಿಲ್ಲದ ಅವಲಕ್ಕಿ. ತಾಂಬೂಲ ಮೆದ್ದ ಬಾಯಿ ಅಂದಿನ ಮಟ್ಟಿಗೆ ಪರೀಕ್ಷೆಗೆ ಅನರ್ಹ. ನಶ್ಯ ಏರಿಸಿದ ಮೂಗಂತೂ ಸರಿಯೇ ಸರಿ. ಹಿಮಗಟ್ಟಿದ ಲೋಟವೂ ಪರೀಕ್ಷಕನ ಮಿತ್ರನಲ್ಲ, ಅತಿ ಶೀತಲತೆ ಗುಣವನ್ನೂ ದೋಷವನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ. ವೈನಿನಂತೆ ಇದನ್ನು ಉಗುಳುವ ಪದ್ಧತಿಯಿಲ್ಲವಾದ ಕಾರಣ ನಾಲ್ಕು ಮಾದರಿಗಳ ಬಳಿಕ ಬರೆಯುವ ಟಿಪ್ಪಣಿಯನ್ನು ನಂಬುವಂತಿಲ್ಲ, ವಾಹನ ಚಲಾಯಿಸುವಂತೆಯೂ ಇಲ್ಲ.

ಟಿಪ್ಪಣಿಯ ಭಾಷೆಯ ಬಗ್ಗೆ ಒಂದು ಮಾತು. ಬಿಯರುಗಳನ್ನು ಶೈಲಿವಾರು ವಿಂಗಡಿಸಿ ವರ್ಣಿಸುವ ಪರಿಪಾಠಕ್ಕೆ ಭದ್ರ ಬುನಾದಿ ಹಾಕಿದವರು ಇಂಗ್ಲೆಂಡಿನ ಬರಹಗಾರ ಮೈಕೇಲ್ ಜಾಕ್ಸನ್. ಅವರ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಪ್ರಕಟವಾದದ್ದು 1977ರಲ್ಲಿ. (ಗಾಯಕ ಜಾಕ್ಸನ್ ಬೇರೆ.) ಅಲ್ಲಿಂದೀಚೆಗೆ ಇಂಗ್ಲಿಷಿನಲ್ಲಿ ಬೆಳೆದ ಶಬ್ದಸಂಪತ್ತನ್ನು ಎರವಲು ತರಬೇಕಾದ ಅಗತ್ಯ ಕರಾವಳಿಯವರಿಗೆ ಇಲ್ಲ. ಜರ್ಮನ್ ಮಾದರಿಯ ಗೋಧಿ ಬಿಯರಿನಲ್ಲಿ ಯೀಸ್ಟಿನಿಂದ ಹುಟ್ಟುವ ಪರಿಮಳಕ್ಕೆ ಕದಳಿ ಬಾಳೆ ಮತ್ತು ಲವಂಗ ಎಂದರೆ ಸಾಕು. ಸ್ಟೌಟಿನದು ಹುರಿದ ಕಾಫಿಬೀಜ. ಹಾಪ್ಸ್ ಹೆಚ್ಚಿರುವ ಐಪಿಎ ಬಗೆಯದು ಚಕ್ಕೋತದ ಸಿಪ್ಪೆ. ಒಗರು, ಕಹಿ, ಕಮಟು, ಸೀದದ್ದು ಇವುಗಳ ನಡುವಿನ ಅಂತರ ಹಲಸು, ಮಾವು, ನೆಲ್ಲಿ ತಿಂದು ಬೆಳೆದ ನಾಲಿಗೆಗೆ ಮೊದಲೇ ಗೊತ್ತು. ಮೂರ್ತೆದಾರರಂತೂ ಬೆಳಗಿನ ಸಿಹಿ ಶೇಂದಿ ಮಧ್ಯಾಹ್ನಕ್ಕೆ ಎಷ್ಟು ಹುಳಿಯಾಗಿದೆ ಎಂಬುದನ್ನು ವಾಸನೆಯಿಂದಲೇ ಹೇಳಬಲ್ಲರು. ಮಡಕೆಯ ಒಳಮೈಗೆ ಸುಣ್ಣ ಬಳಿದು ಹುಳಿಯುವುದನ್ನು ತಡೆಯುವ ಉಪಾಯವೂ ಅವರದೇ. ಕೊರತೆ ಇರುವುದು ಬರೆದಿಡುವ ಅಭ್ಯಾಸದಲ್ಲಿ.

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಗುಣಕ್ಕಿಂತ ದೋಷವನ್ನು ಗುರುತಿಸುವ ವಿದ್ಯೆಯೇ ಹೆಚ್ಚು ಬೆಲೆಯುಳ್ಳದ್ದು. ಬಿಯರಿನ ಪ್ರತಿ ದೋಷವೂ ಒಂದು ತಪ್ಪು ಹೆಜ್ಜೆಯ ಗುರುತು. ಬೆಣ್ಣೆಯ ವಾಸನೆ ಬಂದರೆ ಹುದುಗುವಿಕೆಗೆ ತಕ್ಕ ಕಾಲಾವಕಾಶ ದೊರೆತಿಲ್ಲವೆಂದೋ ನಲ್ಲಿಯ ಕೊಳವೆ ಶುಚಿಯಾಗಿಲ್ಲವೆಂದೋ ಅನುಮಾನಿಸಬೇಕು. ಒದ್ದೆ ರಟ್ಟಿನ ವಾಸನೆ ಗಾಳಿ ತಗುಲಿ ಹಳತಾದುದರ ಲಕ್ಷಣ, ಸೆಕೆಯಲ್ಲಿಟ್ಟರೆ ಅದು ಇನ್ನೂ ಬೇಗ ಬರುತ್ತದೆ. ಬಿಸಿಲು ತಾಗಿದರೆ ಹಾಪ್ಸಿನ ಅಂಶಗಳು ಒಡೆದು ಕೆಟ್ಟ ನಾತ ಹುಟ್ಟುತ್ತದೆ; ಕಂದು ಬಾಟಲಿಯ ಉಪಯೋಗ ಇದನ್ನು ತಡೆಯುವುದೇ ಹೊರತು ಅಲಂಕಾರವಲ್ಲ. ನೊರೆ ಕ್ಷಣದಲ್ಲಿ ಕುಸಿದರೆ ಲೋಟದಲ್ಲಿ ಎಣ್ಣೆಯ ಜಿಡ್ಡು ಉಳಿದಿರಬಹುದು. ಮನೆಯಲ್ಲಿ ಪರೀಕ್ಷಿಸುವವರು ಒಂದೇ ಬಗೆಯ ಎರಡು ಬಾಟಲಿಗಳನ್ನು ತಂದು, ಒಂದನ್ನು ಫ್ರಿಜ್‌ನಲ್ಲಿಯೂ ಇನ್ನೊಂದನ್ನು ಅಡುಗೆಮನೆಯ ಕಪಾಟಿನಲ್ಲಿಯೂ ತಿಂಗಳು ಕಾಲ ಇಟ್ಟು, ಹೆಸರು ಮರೆಮಾಡಿ ಹೋಲಿಸಿದರೆ ಗೋದಾಮಿನ ಉಷ್ಣಾಂಶದ ಕುರಿತು ಯಾವ ಉಪನ್ಯಾಸವೂ ಬೇಕಾಗದು.

ಕಾನೂನಿನ ವಿಷಯ ಚುಟುಕಾಗಿ: ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯಿದೆ, 1965ರಂತೆ ಅಪರಾಧ. ಗೋವಾದಿಂದ ಬಾಟಲಿ ತರುವ ಮುನ್ನ ಎರಡೂ ರಾಜ್ಯಗಳ ಅಬಕಾರಿ ನಿಯಮ ವಿಚಾರಿಸಿಕೊಳ್ಳಬೇಕು.

ಇನ್ನು ಸರಕಿನ ಮಾತು. 2021ರಲ್ಲಿ ಬಿರಾ 91 ಕಂಪೆನಿ ಭಾರತೀಯ ರುಚಿಗಳ ಕೆಲವು ಬಿಯರುಗಳನ್ನು ಸೀಮಿತ ಪ್ರಮಾಣದಲ್ಲಿ ಹೊರತಂದಾಗ ಅವುಗಳಲ್ಲೊಂದು ಕೋಕಂ ಸವರ್. ಕೋಕಂ ಎಂದರೆ ಬೇರೇನಲ್ಲ, ಬೆಳ್ತಂಗಡಿಯ ತೋಟದಂಚಿನಲ್ಲಿ ಹಣ್ಣಾಗಿ ಉದುರುವ ಪುನರ್ಪುಳಿ. ಟೊಯಿಟ್‌ನವರು ಬಾಸ್ಮತಿ ಅಕ್ಕಿ ಸೇರಿಸಿ ಮಾಡಿದ ಬಿಯರಿಗೆ ಆ ಅಕ್ಕಿಯ ಹೆಸರನ್ನೇ ಇಟ್ಟರು. ಬಾಸ್ಮತಿಗೆ ದೊರೆತ ಆ ಮರ್ಯಾದೆ ಕಜೆ ಅಕ್ಕಿಗೂ ದೊರೆಯಬಾರದೆಂದೇನೂ ಇಲ್ಲ. ಆದರೆ ಬ್ರೂವರಿಯವನು ಕೇಳುವ ಪ್ರಶ್ನೆ ಕ್ವಿಂಟಾಲಿನ ದರದಲ್ಲಿ ಮುಗಿಯುವುದಿಲ್ಲ. ಸಿಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸಿದ್ದೋ ಹೊಗೆಯಲ್ಲೋ, ಉಪ್ಪು ಬೆರೆತಿದೆಯೋ, ಕಳೆದ ವರ್ಷದ ಹುಳಿಗೂ ಈ ವರ್ಷದ ಹುಳಿಗೂ ಎಷ್ಟು ವ್ಯತ್ಯಾಸ ಎಂದು ಆತ ಕೇಳುತ್ತಾನೆ. ಪ್ರತಿ ಪಾಕಕ್ಕೂ ಅದೇ ರುಚಿ ಬರಬೇಕಾದುದು ಅವನ ಕಷ್ಟ. ಇದಕ್ಕೆ ಲಿಖಿತ ಉತ್ತರವುಳ್ಳ ವರ್ತಕನು ದರ ಹೇಳಬಲ್ಲ. ಇಲ್ಲದವನು ದರ ಕೇಳಬೇಕಾಗುತ್ತದೆ.

ಕೋಕೋ ಬೀಜದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಅದು ಸ್ಟೌಟ್ ಬಿಯರಿಗೂ ಸೇರುತ್ತದೆ, ಚಾಕೊಲೇಟಿಗೂ ಸೇರುತ್ತದೆ. ಐದಾರು ದಿನ ಪೆಟ್ಟಿಗೆಯಲ್ಲಿ ಹುದುಗಿಸಿ ನಿಧಾನವಾಗಿ ಒಣಗಿಸಿದರೆ ಮಾತ್ರ ಅದರ ಪರಿಮಳ ಅರಳುತ್ತದೆ. ಅವಸರ ಮಾಡಿದರೆ ಒಗರು, ಮಿತಿಮೀರಿದರೆ ಕೊಳೆತ ನಾತ. ಹಸಿಬೀಜವನ್ನು ಕಿಲೋ ಲೆಕ್ಕದಲ್ಲಿ ಮಾರಿದ ಬೆಳೆಗಾರನಿಗೆ ಈ ಯಾವ ವ್ಯತ್ಯಾಸದ ಹಣವೂ ಸಿಗುವುದಿಲ್ಲ. ಪೆಟ್ಟಿಗೆ ತೆರೆದ ದಿನಾಂಕ, ಅಂದಿನ ವಾಸನೆ, ಒಣಗಿದ ಬಳಿಕ ಹುರಿದು ಜಗಿದ ನಾಲ್ಕು ಬೀಜಗಳ ರುಚಿ ಇಷ್ಟನ್ನು ಬರೆಯಲು ಒಂದು ಸಾಲು ಸಾಕು. ಬಿಯರಿನ ಟಿಪ್ಪಣಿಗೆ ಇಟ್ಟ ಪುಸ್ತಕದ ಹಿಂದಿನ ಪುಟಗಳಲ್ಲಿ ಜಾಗವಿರುತ್ತದೆ.